ಬೆಳೆಯುವ ಕೂಸು ಕುಗ್ಗಿತೇಕೆ?

ಗಿಡ ಬೆಳೆಯುತ್ತದೆ, ಕರು ಬೆಳೆಯುತ್ತದೆ, ಕೂಸೂ ಬೆಳೆಯುತ್ತದೆ. ಒಮ್ಮೆ ಬೆಳೆದ ಕೂಸು ಮತ್ತೆ ಗಿಡ್ಡವಾಗುವುದಿಲ್ಲ. ಇದನ್ನು ತಿಳಿಯಲು ಯಾವ ಶಾಸ್ತ್ರವೂ ಬೇಕಾಗಿಲ್ಲ. ಆದರೆ ದಾಖಲೆ ಪುಸ್ತಕಗಳಲ್ಲಿ ಮಾತ್ರ ಮಕ್ಕಳು ಆಗಾಗ ಕುಗ್ಗುವುದುಂಟು. ಒಂದು ತಿಂಗಳು ೮೨ ಸೆಂಟಿಮೀಟರು ಇದ್ದ ಮಗು ಮರುತಿಂಗಳು ೮೧.೫ ಆಗಿರುತ್ತದೆ. ಇನ್ನೊಂದು ಮಗು ಒಂದೇ ತಿಂಗಳಲ್ಲಿ ಮೂರು ಸೆಂಟಿಮೀಟರು ಜಿಗಿದಿರುತ್ತದೆ. ಇಂಥ ವಿಸಂಗತಿಗಳು ಎಲ್ಲಿಂದ ಬರುತ್ತವೆ, ಅವುಗಳನ್ನು ಕಂಡಾಗ ನಾವು ಮಾಡತಕ್ಕದ್ದೇನು ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಮನೆಯಿಂದ. ನನ್ನ ಅವ್ವ ರಟ್ಟೀಹಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ಅಂಗನವಾಡಿ ಸಹಾಯಕಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನಾದ್ದರಿಂದ, ಲೆಕ್ಕಪತ್ರದ ಯಾವ ಸಂದೇಹ ಬಂದರೂ ಅದು ನನ್ನ ಬಳಿಗೇ ಬರುತ್ತದೆ. ಒಂದು ದಿನ ಅವ್ವ ಕೇಳಿದಳು: “ಹ್ವಾದ ತಿಂಗಳಕಿಂತ ಈ ತಿಂಗಳ ಒಂದು ಕೂಸು ಅರ್ಧ ಸೆಂಟಿಮೀಟರ್ ಗಿಡ್ಡ ಬಂದೈತಿ. ಮ್ಯಾಲಿನವರು ಬಂದ್ರ ನಮ್ಮನ್ನs ಬೈತಾರ. ಹ್ವಾದ ತಿಂಗಳದ್ದಕ್ಕ ಒಂದು ಕೂಡಿಸಿ ಬರದ್ರ ನಡೀತೈತೇನು ಅಂತ ಅಕ್ಕೋರು ಕೇಳ್ಯಾರ. ನೀ ಏನಂತೀ ತಮ್ಮಾ?” ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೋದಂತೆ, ನಮ್ಮ ದೇಶದ ಮಕ್ಕಳ ಆರೋಗ್ಯದ ಅಂಕಿಸಂಖ್ಯೆಗಳೆಲ್ಲ ಇಂಥ ಚಿಕ್ಕ ಪ್ರಶ್ನೆಗಳ ಮೇಲೆಯೇ ನಿಂತಿವೆಯೆಂಬುದು ನನಗೆ ತಿಳಿದುಬಂತು.

ಅಳತೆಯು ಅಂಕಿಯಾಗುವ ಬಗೆ

ಒಂದು ಮಗುವಿನ ಎತ್ತರ ೮೩ ಸೆಂಟಿಮೀಟರು ಎಂದಷ್ಟೇ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಗಂಡೋ ಹೆಣ್ಣೋ, ಎಷ್ಟು ತಿಂಗಳ ಮಗು ಎಂಬುದು ಗೊತ್ತಿರಬೇಕು. ಆಮೇಲೆ ಅದನ್ನು ಯಾವುದಕ್ಕೆ ಹೋಲಿಸಬೇಕೆಂಬುದೂ ಗೊತ್ತಿರಬೇಕು. ಇದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯು ೧೯೯೭ರಿಂದ ೨೦೦೩ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೇರಿಕ ಈ ಆರು ದೇಶಗಳಲ್ಲಿ, ಒಳ್ಳೆಯ ಆರೈಕೆಯಲ್ಲಿದ್ದ ಮಕ್ಕಳನ್ನು ಅಳೆಯಿಸಿತು. ಭಾರತದ ಮಕ್ಕಳನ್ನು ದಿಲ್ಲಿಯಿಂದ ಆರಿಸಲಾಗಿತ್ತು. ಅದರ ಆಧಾರದಿಂದ ೨೦೦೬ರಲ್ಲಿ ಬೆಳವಣಿಗೆಯ ಮಾನದಂಡ ಪ್ರಕಟವಾಯಿತು. ಅದರಂತೆ ೨೪ ತಿಂಗಳ ಗಂಡು ಮಗುವಿನ ನಿಂತ ಎತ್ತರದ ಮಧ್ಯಾಂಕ ೮೭.೧ ಸೆಂಟಿಮೀಟರು. ಮಧ್ಯಾಂಕದಿಂದ ಎರಡು ಮಾನಕ ವಿಚಲನೆಗಳಷ್ಟು ಕೆಳಗೆ ಒಂದು ಗೆರೆಯುಂಟು. ಆ ವಯಸ್ಸಿಗೆ ಅದು ೮೧.೦. ಗೆರೆಯ ಕೆಳಗಿದ್ದ ಮಗುವಿನದು ಕುಂಠಿತ ಬೆಳವಣಿಗೆ. ಮೂರು ವಿಚಲನೆಗಳಿಗಿಂತಲೂ ಕೆಳಗಿದ್ದರೆ ಅದು ತೀವ್ರ ಕುಂಠಿತ.

ಹೀಗೆ ಒಂದೊಂದು ಮಗುವಿಗೂ ಮೂರು ಲೆಕ್ಕಗಳನ್ನು ಹಾಕುತ್ತಾರೆ: ವಯಸ್ಸಿಗೆ ತಕ್ಕ ಎತ್ತರ, ವಯಸ್ಸಿಗೆ ತಕ್ಕ ತೂಕ, ಎತ್ತರಕ್ಕೆ ತಕ್ಕ ತೂಕ. ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ೧೯೯೨–೯೩ರಿಂದ ನಡೆದುಬಂದಿರುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದನ್ನೇ ಮಾಡುತ್ತದೆ. ಅಳತೆಯ ಕೆಲಸ ಎಷ್ಟು ತೊಡಕಿನದೆಂಬುದಕ್ಕೆ ಅದರ ಮೊದಲ ಸುತ್ತೇ ಸಾಕ್ಷಿ. ಆಗ ಎತ್ತರ ಅಳೆಯುವ ಹಲಗೆಗಳು ಸಕಾಲದಲ್ಲಿ ದೊರೆಯದ್ದರಿಂದ ಐದು ರಾಜ್ಯಗಳಲ್ಲಿ ಮಕ್ಕಳ ತೂಕವನ್ನಷ್ಟೇ ತೆಗೆದುಕೊಂಡು ಸುಮ್ಮನಿರಬೇಕಾಯಿತು.

ಮಲಗಿದ ಕೂಸು, ನಿಂತ ಕೂಸು

ಮೊದಲು ಕುಗ್ಗಿದ ಕೂಸಿನ ಮಾತನ್ನೇ ತೆಗೆದುಕೊಳ್ಳೋಣ. ಎರಡು ವರ್ಷ ತುಂಬದ ಮಕ್ಕಳನ್ನು ಹಲಗೆಯ ಮೇಲೆ ಮಲಗಿಸಿ ಉದ್ದ ಅಳೆಯಬೇಕು. ಎರಡು ವರ್ಷ ತುಂಬಿದವರನ್ನು ನಿಲ್ಲಿಸಿ ಎತ್ತರ ಅಳೆಯಬೇಕು. ಇದು ನಿಯಮ. ಆದರೆ ಮಲಗಿದಾಗ ಬೆನ್ನುಮೂಳೆಯ ಮೇಲೆ ಮೈಯ ಭಾರ ಬೀಳುವುದಿಲ್ಲ; ನಿಂತಾಗ ಬೀಳುತ್ತದೆ. ಆದ್ದರಿಂದ ಅದೇ ಮಗು, ಅದೇ ದಿನ, ನಿಂತಾಗ ಸುಮಾರು ೦.೭ ಸೆಂಟಿಮೀಟರು ಗಿಡ್ಡ ಬರುತ್ತದೆ. ಮಾನದಂಡದಲ್ಲಿಯೇ ಇದನ್ನು ಒಪ್ಪಿಕೊಂಡಿದ್ದಾರೆ: ೨೪ ತಿಂಗಳ ಗಂಡು ಮಗುವಿನ ಮಧ್ಯಾಂಕ ಮಲಗಿದಾಗ ೮೭.೮, ನಿಂತಾಗ ೮೭.೧.

ಆ ವಯಸ್ಸಿನಲ್ಲಿ ಮಗು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆಯೇ ಬೆಳೆಯುತ್ತದೆ. ೨೩ನೆಯ ತಿಂಗಳಿನಲ್ಲಿ ಮಲಗಿಸಿ, ೨೪ನೆಯ ತಿಂಗಳಿನಲ್ಲಿ ನಿಲ್ಲಿಸಿ ಅಳೆದರೆ, ಬೆಳೆದದ್ದರಲ್ಲಿ ಬಹುಪಾಲು ಈ ೦.೭ರಲ್ಲಿಯೇ ಕರಗಿಹೋಗುತ್ತದೆ. ಅದರ ಮೇಲೆ ಮಗು ಅತ್ತು ಮೊಣಕಾಲು ಮಡಿಸಿತೆಂದರೆ ಆಯಿತು, ಪುಸ್ತಕದಲ್ಲಿ ಅದು ಕುಗ್ಗಿತು! ಅವ್ವ ಹೇಳಿದ ಕೂಸು ಆ ತಿಂಗಳೇ ಎರಡು ವರ್ಷ ದಾಟಿತ್ತು. ಇಲ್ಲಿ ಅಕ್ಕೋರ ತಪ್ಪೂ ಇಲ್ಲ, ಕೂಸಿನ ತಪ್ಪಂತೂ ಇಲ್ಲವೇ ಇಲ್ಲ. ನಿಯಮದಂತೆ ಅಳೆದದ್ದರಿಂದಲೇ ಈ ವಿಸಂಗತಿ ಹುಟ್ಟಿತು.

ಕೊನೆಯ ಅಂಕೆಯ ಸಾಕ್ಷಿ

ಎರಡನೆಯ ವಿಸಂಗತಿ ಒಂದು ಮಗುವಿನಲ್ಲಿ ಕಾಣುವುದಿಲ್ಲ, ನೂರಾರು ಮಕ್ಕಳನ್ನು ಒಟ್ಟಿಗೆ ನೋಡಿದಾಗ ಕಾಣುತ್ತದೆ. ಎತ್ತರವನ್ನು ಮಿಲಿಮೀಟರಿನವರೆಗೆ ಬರೆಯಬೇಕು. ಸಾವಿರ ಮಕ್ಕಳನ್ನು ಅಳೆದರೆ, ದಶಾಂಶದ ಬಿಂದುವಿನಾಚೆಯ ಅಂಕೆ ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿಯೊಂದೂ ಸುಮಾರು ನೂರು ಸಲ ಬರಬೇಕು. ಮಕ್ಕಳಿಗೆ ಯಾವ ಅಂಕೆಯ ಮೇಲೂ ವಿಶೇಷ ಪ್ರೀತಿಯಿಲ್ಲ. ಆದರೆ ಅಳೆಯುವವರಿಗೆ ಸೊನ್ನೆಯ ಮೇಲೂ ಐದರ ಮೇಲೂ ಪ್ರೀತಿಯುಂಟು. ಬಿಸಿಲಿನಲ್ಲಿ ಹತ್ತಾರು ಮನೆ ಅಲೆದು ದಣಿದ ಕಣ್ಣು ೮೨.೩ನ್ನು ೮೨.೫ ಎಂದೂ, ೮೧.೯ನ್ನು ೮೨.೦ ಎಂದೂ ಓದಿಬಿಡುತ್ತದೆ. ಸೊನ್ನೆ ಮತ್ತು ಐದುಗಳ ಗುಂಪು ದೊಡ್ಡದಾದಷ್ಟೂ ಅಳತೆಯು ಕಣ್ಣಂದಾಜಿನದೆಂದು ತಿಳಿಯಬೇಕು.

ತೂಕದ ಯಂತ್ರದ ತಪ್ಪಿನ ರೂಪ ಬೇರೆ. ಯಂತ್ರವನ್ನು ಸೊನ್ನೆಗೆ ತರದೆ ತೂಗಿದರೆ ಆ ದಿನದ ಎಲ್ಲ ಮಕ್ಕಳ ತೂಕವೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ಬರುತ್ತದೆ. ಆಗ ಕೊನೆಯ ಅಂಕೆಗಳಲ್ಲಿ ದೋಷ ಕಾಣದು. ನೆರೆಯ ಊರಿನ, ಅಥವಾ ಬೇರೊಂದು ತಂಡದ ಲೆಕ್ಕದೊಡನೆ ಹೋಲಿಸಿದಾಗ ಮಾತ್ರ ಅದು ಹೊರಬೀಳುತ್ತದೆ.

ಜೂನ್ ಒಂದರ ಜನ್ಮದಿನ

ಎಲ್ಲಕ್ಕಿಂತ ದೊಡ್ಡ ತೊಡಕು ಎತ್ತರದಲ್ಲಿಲ್ಲ, ತೂಕದಲ್ಲಿಲ್ಲ; ವಯಸ್ಸಿನಲ್ಲಿದೆ. ನಮ್ಮ ಭಾಗದ ಹಿರಿಯರ ಶಾಲಾ ದಾಖಲೆಗಳನ್ನು ತೆರೆದರೆ ಎಷ್ಟೋ ಜನ ಜೂನ್ ಒಂದರಂದೇ ಹುಟ್ಟಿದ್ದಾರೆ. ನನ್ನ ಅಪ್ಪನೂ ಅವರಲ್ಲೊಬ್ಬ. ಜೂನ್ ಒಂದು ಶಾಲೆಗೆ ಹೆಸರು ಹಚ್ಚುವ ದಿನ. ಹುಟ್ಟಿದ ದಿನ ಗೊತ್ತಿಲ್ಲದ ಹುಡುಗರಿಗೆಲ್ಲ ಗುರುಗಳು ಅದೇ ದಿನವನ್ನು ದಯಪಾಲಿಸಿದರು. ಈಗ ಜನನ ಪ್ರಮಾಣಪತ್ರಗಳು ಬಂದಿವೆ, ನಿಜ. ಆದರೂ ಸಮೀಕ್ಷೆಯವರು ಮನೆಗೆ ಬಂದಾಗ ಪತ್ರ ಕೈಗೆ ಸಿಗದಿದ್ದರೆ ತಾಯಿಯ ನೆನಪೇ ಗತಿ. “ಕಾರಹುಣ್ಣಿವಿ ಆಗಿ ಎಂಟು ದಿನಕ್ಕ ಹುಟ್ಟಿತು,” “ಯುಗಾದಿ ಮುಂದ” ಎಂಬ ಉತ್ತರಗಳು ಬರುತ್ತವೆ. ತಾಯಿಯ ನೆನಪು ಸುಳ್ಳಲ್ಲ. ಆದರೆ ನಮ್ಮ ಪಂಚಾಂಗ ಚಾಂದ್ರಮಾನದ್ದು. ೨೦೨೩ರಲ್ಲಿ ಯುಗಾದಿ ಮಾರ್ಚ್ ೨೨ರಂದು ಬಂತು, ೨೦೨೪ರಲ್ಲಿ ಏಪ್ರಿಲ್ ೯ರಂದು. ನಡುವೆ ಅಧಿಕಮಾಸ ಬಂದದ್ದೇ ಇದಕ್ಕೆ ಕಾರಣ. ಹಬ್ಬವನ್ನು ಇಂಗ್ಲಿಷ್ ತಿಂಗಳಿಗೆ ತಿರುಗಿಸುವಾಗ ಒಂದು ತಿಂಗಳು ಆಚೀಚೆಯಾಗುವುದು ಸುಲಭ.

ಆರು ತಿಂಗಳು ತಪ್ಪಿದರೆ ಏನಾಗುತ್ತದೆಂಬುದನ್ನು ನೋಡೋಣ. ಒಂದು ಗಂಡು ಮಗು, ನಿಂತಾಗ ೮೩ ಸೆಂಟಿಮೀಟರು, ನಿಜವಾದ ವಯಸ್ಸು ೨೪ ತಿಂಗಳು. ಗೆರೆ ೮೧.೦ ಇರುವುದರಿಂದ ಅದು ಗೆರೆಯ ಮೇಲಿದೆ. ಅದೇ ಮಗುವಿನ ವಯಸ್ಸನ್ನು ೩೦ ತಿಂಗಳು ಎಂದು ಬರೆದರೆ ಗೆರೆ ೮೫.೧ಕ್ಕೆ ಏರುತ್ತದೆ, ಮಗು ಕುಂಠಿತವಾಯಿತು! ಮಗುವನ್ನು ಯಾರೂ ಮುಟ್ಟಲಿಲ್ಲ, ಅಳತೆಯ ಪಟ್ಟಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗಲಿಲ್ಲ. ನೆನಪಿನಲ್ಲಿ ಒಂದು ಹಬ್ಬ ಹೋಗಿ ಇನ್ನೊಂದು ಹಬ್ಬ ಬಂತು, ಅಷ್ಟೆ.

ಇದಕ್ಕೆ ಸಂಬಂಧಿಸಿದ ಮತ್ತೊಂದು ವಿಚಿತ್ರವನ್ನು ಅನೇಕ ದೇಶಗಳ ಸಮೀಕ್ಷೆಗಳಲ್ಲಿ ಸಂಶೋಧಕರು ಗುರುತಿಸಿದ್ದಾರೆ. ಡಿಸೆಂಬರಿನಲ್ಲಿ ಹುಟ್ಟಿದವರೆಂದು ಬರೆದ ಮಕ್ಕಳು ವಯಸ್ಸಿಗೆ ಎತ್ತರವಾಗಿಯೂ, ಜನವರಿಯಲ್ಲಿ ಹುಟ್ಟಿದವರೆಂದು ಬರೆದ ಮಕ್ಕಳು ಗಿಡ್ಡರಾಗಿಯೂ ಕಾಣುತ್ತಾರೆ. ಡಿಸೆಂಬರ್ ೩೧ಕ್ಕೂ ಜನವರಿ ೧ಕ್ಕೂ ಒಂದು ರಾತ್ರಿಯ ಅಂತರ; ಇದು ಹೇಗೆ ಸಾಧ್ಯ? ಮನೆಯವರಿಗೆ ಹುಟ್ಟಿದ ವರ್ಷ ಸರಿಯಾಗಿ ನೆನಪಿದ್ದು ತಿಂಗಳು ಮಾತ್ರ ಅಂದಾಜಿನದೆಂದು ಭಾವಿಸೋಣ. ‘ಜನವರಿ’ ಎಂದು ತಪ್ಪಾಗಿ ಬರೆದ ಮಗು ನಿಜವಾಗಿ ಹುಟ್ಟಿದ್ದು ಅದೇ ವರ್ಷ ಅದರ ನಂತರವೇ. ಪುಸ್ತಕದಲ್ಲಿ ಅದಕ್ಕೆ ವಯಸ್ಸು ಹೆಚ್ಚು, ಆದ್ದರಿಂದ ಅದು ಗಿಡ್ಡವಾಗಿ ಕಾಣುತ್ತದೆ. ‘ಡಿಸೆಂಬರ್’ ಎಂದು ತಪ್ಪಾಗಿ ಬರೆದ ಮಗು ನಿಜವಾಗಿ ಹುಟ್ಟಿದ್ದು ಅದೇ ವರ್ಷ ಅದಕ್ಕಿಂತ ಮೊದಲೇ; ಪುಸ್ತಕದಲ್ಲಿ ಅದಕ್ಕೆ ವಯಸ್ಸು ಕಡಿಮೆ, ಆದ್ದರಿಂದ ಅದು ಎತ್ತರವಾಗಿ ಕಾಣುತ್ತದೆ. ಇಂಥ ಒಂದು ಹಠಾತ್ ಜಿಗಿತ ವರ್ಷದ ಗಡಿಯಲ್ಲಿ ಕಂಡಿತೆಂದರೆ ಅದು ಮಕ್ಕಳ ಮೈಯದಲ್ಲ, ದಿನದರ್ಶಿಕೆಯದು ಎಂದು ತಿಳಿಯಬೇಕು.

ಗೆರೆಯ ಪಕ್ಕದ ಗುಂಪು

ಇನ್ನೊಂದು ಬಗೆಯ ವಿಸಂಗತಿಯುಂಟು. ಅದು ದಣಿವಿನಿಂದಲೂ ಮರೆವಿನಿಂದಲೂ ಹುಟ್ಟಿದ್ದಲ್ಲ, ಮನಸ್ಸಿನಿಂದ ಹುಟ್ಟಿದ್ದು. ೧೮೪೦ರ ದಶಕದಲ್ಲಿ ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬ ವಿದ್ವಾಂಸನು ಫ್ರಾನ್ಸಿನಲ್ಲಿ ಸೈನ್ಯಕ್ಕೆ ಕರೆಬಂದ ಒಂದು ಲಕ್ಷ ತರುಣರ ಎತ್ತರಗಳನ್ನು ಪರೀಕ್ಷಿಸಿದನು. ಸುಮಾರು ೧೫೭ ಸೆಂಟಿಮೀಟರಿಗಿಂತ ಗಿಡ್ಡರಾದವರಿಗೆ ಸೈನ್ಯದಿಂದ ವಿನಾಯಿತಿಯಿತ್ತು. ಕೆಟ್ಲೆ ನೋಡಿದಾಗ ಆ ಗೆರೆಯ ಸ್ವಲ್ಪ ಕೆಳಗೆ ಇರಬೇಕಾದ್ದಕ್ಕಿಂತ ಸುಮಾರು ೨೦೦೦ ಜನ ಹೆಚ್ಚಾಗಿದ್ದರು. ಸ್ವಲ್ಪ ಮೇಲೆ ಅಷ್ಟೇ ಜನ ಕಡಿಮೆಯಾಗಿದ್ದರು. ಯುದ್ಧಕ್ಕೆ ಹೋಗಲೊಲ್ಲದವರು ಗಿಡ್ಡರಾಗಿದ್ದರು! ಒಬ್ಬೊಬ್ಬನನ್ನೇ ಹಿಡಿದು ನೀನು ಮೋಸಗಾರನೆಂದು ಹೇಳಲು ಸಾಧ್ಯವಿರಲಿಲ್ಲ. ಲಕ್ಷ ಜನರ ಅಂಕಿಗಳು ಒಟ್ಟಾಗಿ ನಿಂತಾಗ ಗುಟ್ಟು ತಾನೇ ಹೊರಬಂತು.

ಗೆರೆ ಎಲ್ಲಿದೆಯೋ ಅಲ್ಲಿ ಈ ಆಕರ್ಷಣೆ ಇದ್ದೇ ಇರುತ್ತದೆ. ಗೆರೆಯ ಕೆಳಗಿನ ಮಗುವಿಗೆ ಹೆಚ್ಚಿನ ಆಹಾರ ದೊರೆಯುವುದಾದರೆ ಕರುಣೆಯು ಅಳತೆಯನ್ನು ಕೆಳಗೆ ಎಳೆಯುತ್ತದೆ. ಗೆರೆಯ ಕೆಳಗೆ ಮಕ್ಕಳು ಹೆಚ್ಚಾದರೆ ಬೈಗಳು ತಿನ್ನಬೇಕಾಗುವುದಾದರೆ ಭಯವು ಅದನ್ನು ಮೇಲೆ ಎಳೆಯುತ್ತದೆ.

ಮೂರು ಸಾಕ್ಷಿಗಳ ವಿಚಾರಣೆ

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂಬುದು ನಮ್ಮ ಗಾದೆ. ಅಳತೆಗಳನ್ನು ಪ್ರಮಾಣಿಸಿ ನೋಡುವ ಬಗೆ ಹೇಗೆ? ಮೇಲೆ ಹೇಳಿದ ಮೂರು ಲೆಕ್ಕಗಳನ್ನು ಮೂವರು ಸಾಕ್ಷಿಗಳೆಂದು ತಿಳಿಯೋಣ. ವಯಸ್ಸನ್ನು ಹೆಚ್ಚಾಗಿ ಬರೆದಿದ್ದರೆ, ವಯಸ್ಸಿಗೆ ತಕ್ಕ ಎತ್ತರವೂ ವಯಸ್ಸಿಗೆ ತಕ್ಕ ತೂಕವೂ ಒಟ್ಟಿಗೆ ಬೀಳುತ್ತವೆ. ಎತ್ತರಕ್ಕೆ ತಕ್ಕ ತೂಕ ಮಾತ್ರ ಅಲುಗಾಡುವುದಿಲ್ಲ, ಏಕೆಂದರೆ ಅದಕ್ಕೆ ವಯಸ್ಸಿನ ಹಂಗಿಲ್ಲ. ಎತ್ತರವನ್ನು ಕಡಿಮೆ ಅಳೆದಿದ್ದರೆ, ಮಗು ಕುಂಠಿತವಾಗಿಯೂ ಅದೇ ಕಾಲಕ್ಕೆ ದಪ್ಪವಾಗಿಯೂ ಕಾಣುತ್ತದೆ. ತೂಕ ತಪ್ಪಿದ್ದರೆ, ವಯಸ್ಸಿಗೆ ತಕ್ಕ ಎತ್ತರ ಸರಿಯಾಗಿದ್ದು ಉಳಿದೆರಡು ಕೆಡುತ್ತವೆ. ಮಕ್ಕಳಲ್ಲಿ ನಿಜವಾಗಿಯೂ ಇಂಥ ಭೇದಗಳು ಇರಬಹುದು. ಆದ್ದರಿಂದ ಇದು ತೀರ್ಪಲ್ಲ. ಯಾವ ಮನೆಗೆ ಮರಳಿ ಹೋಗಿ ಯಾವುದನ್ನು ಮತ್ತೊಮ್ಮೆ ಅಳೆಯಬೇಕೆಂಬುದರ ಸೂಚನೆ.

ಅಂಕಿಗಳನ್ನು ಹೀಗೆ ಅಡ್ಡಪ್ರಶ್ನೆ ಮಾಡಿ ವಿಚಾರಿಸುವ ವಿದ್ಯೆಗೆ ನಮ್ಮ ದೇಶದಲ್ಲಿ ದೊಡ್ಡ ಪರಂಪರೆಯೇ ಇದೆ. ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಬಂಗಾಲದ ಜಾತಿ ಬುಡಕಟ್ಟುಗಳ ದೇಹದ ಅಳತೆಗಳನ್ನು ೧೮೯೧ರಲ್ಲಿ ಪ್ರಕಟಿಸಿದನು. ಮೂಗಿನ ಅಳತೆಯಿಂದ ಜಾತಿಯ ಮೇಲುಕೀಳು ತಿಳಿಯುತ್ತದೆಂಬುದು ಅವನ ವಾದವಾಗಿತ್ತು. ಕಲಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಪ್ರಶಾಂತಚಂದ್ರ ಮಹಾಲನೋಬಿಸರು ಆ ಕೋಷ್ಟಕಗಳನ್ನು ಮತ್ತೆ ಪರೀಕ್ಷಿಸಿ, ಅವುಗಳಲ್ಲಿದ್ದ ವಿಸಂಗತಿಗಳನ್ನು ತಿದ್ದಿ, ೧೯೩೩ರಲ್ಲಿ ‘ಸಂಖ್ಯಾ’ ಪತ್ರಿಕೆಯ ಮೊದಲ ಸಂಪುಟದಲ್ಲಿ ಪ್ರಕಟಿಸಿದರು.

ಅವರ ಶಿಷ್ಯರಲ್ಲಿ ಅಗ್ರಗಣ್ಯರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು ೧೯೨೦ರಲ್ಲಿ, ನಮ್ಮ ಹಾವೇರಿ ಜಿಲ್ಲೆಯ ನೆರೆಯಲ್ಲಿಯೇ ಇರುವ ಹೂವಿನ ಹಡಗಲಿಯಲ್ಲಿ ಎಂಬುದನ್ನು ಎಷ್ಟು ಜನ ಬಲ್ಲರು? ೧೯೪೧ರಲ್ಲಿ ಸಂಯುಕ್ತ ಪ್ರಾಂತದಲ್ಲಿ ಡಿ. ಎನ್. ಮಜುಮದಾರರು ತೆಗೆದುಕೊಂಡ ದೇಹದ ಅಳತೆಗಳನ್ನು ಮಹಾಲನೋಬಿಸರೊಡನೆ ಕೂಡಿ ವಿಶ್ಲೇಷಿಸಿದವರು ಅವರು. ೧೯೪೬ರಲ್ಲಿ ಅವರು ಕೇಂಬ್ರಿಜಿಗೆ ಹೋದದ್ದೂ ಸುಡಾನದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸಕ್ಕಾಗಿಯೇ. ೨೦೨೩ರಲ್ಲಿ ತೀರಿಕೊಳ್ಳುವಾಗ ಅವರಿಗೆ ನೂರಾ ಎರಡು ವರ್ಷ ತುಂಬಿತ್ತು.

ಹೆಚ್ಚುಕಡಿಮೆ ಸರಿಹೋಗುವುದಿಲ್ಲವೆ?

ಇಲ್ಲಿ ಒಂದು ಆಕ್ಷೇಪ ಬರಬಹುದು: ಒಬ್ಬರು ಹೆಚ್ಚು ಬರೆದರೆ ಇನ್ನೊಬ್ಬರು ಕಡಿಮೆ ಬರೆಯುತ್ತಾರೆ, ಒಟ್ಟಿನಲ್ಲಿ ಸರಿಹೋಗುತ್ತದಲ್ಲವೆ? ಸರಾಸರಿಯ ಮಟ್ಟಿಗೆ ಈ ಮಾತು ನಿಜ. ಆದರೆ ಸರಕಾರವು ಕೇಳುವುದು ಸರಾಸರಿಯನ್ನಲ್ಲ, ಗೆರೆಯ ಕೆಳಗೆ ಎಷ್ಟು ಮಕ್ಕಳಿದ್ದಾರೆಂಬುದನ್ನು.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ೧೦೦೦ ಮಕ್ಕಳಿದ್ದಾರೆ, ಅವರ ಸರಾಸರಿಯು ಮಧ್ಯಾಂಕದಿಂದ ಒಂದೂವರೆ ವಿಚಲನೆಯಷ್ಟು ಕೆಳಗಿದೆ, ಅವರೊಳಗಿನ ಹರವು ಒಂದು ವಿಚಲನೆ. ಆಗ ಕುಂಠಿತರು ೩೦೯ ಮಕ್ಕಳು, ಅವರಲ್ಲಿ ತೀವ್ರ ಕುಂಠಿತರು ೬೭. ಈಗ ಅಳತೆ ಮತ್ತು ವಯಸ್ಸಿನ ತಪ್ಪುಗಳಿಂದ ಅಷ್ಟೇ ಹರವು ಹೊಸದಾಗಿ ಸೇರಿತೆನ್ನೋಣ. ತಪ್ಪುಗಳು ಎರಡೂ ಕಡೆಗೆ ಸಮನಾಗಿವೆ, ಸರಾಸರಿ ಅಲುಗಿಲ್ಲ. ಆದರೂ ಕುಂಠಿತರು ೩೬೨ ಆಗುತ್ತಾರೆ, ತೀವ್ರ ಕುಂಠಿತರು ೧೪೪ ಆಗುತ್ತಾರೆ. ಎಂದರೆ ಇಮ್ಮಡಿಗಿಂತಲೂ ಹೆಚ್ಚು! ಗುಂಪಿನ ನಡುವಿನಿಂದ ಗೆರೆಯ ಕೆಳಕ್ಕೆ ಜಾರುವವರು ಬಹಳ, ಕೆಳಗಿನಿಂದ ಮೇಲಕ್ಕೆ ಹಾರುವವರು ಸ್ವಲ್ಪ. ಅದಕ್ಕಾಗಿ ಹೀಗಾಗುತ್ತದೆ. ಆರು ವಿಚಲನೆಗಳಾಚೆಗಿನ ಎತ್ತರಗಳನ್ನು ಅಸಂಭವವೆಂದು ಸಮೀಕ್ಷೆಯವರು ಕಿತ್ತುಹಾಕುತ್ತಾರೆ. ಆದರೆ ಈ ಚಿಕ್ಕ ತಪ್ಪುಗಳು ಸಂಭವನೀಯ ವೇಷದಲ್ಲಿ ಒಳಗೆಯೇ ಉಳಿಯುತ್ತವೆ.

ಈ ದೃಷ್ಟಿಯಿಂದ ನಮ್ಮ ರಾಜ್ಯದ ಅಂಕಿಗಳನ್ನು ನೋಡಬೇಕು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಕುಂಠಿತ ಮಕ್ಕಳು ೨೦೦೫–೦೬ರಲ್ಲಿ ಶೇಕಡಾ ೪೩.೭, ೨೦೧೫–೧೬ರಲ್ಲಿ ೩೬.೨, ೨೦೧೯–೨೧ರಲ್ಲಿ ೩೫.೪. ಮೊದಲ ಇಳಿತ ಏಳೂವರೆ. ಇದನ್ನು ಪ್ರಗತಿಯೆಂದು ಧೈರ್ಯದಿಂದ ಹೇಳಬಹುದು. ಎರಡನೆಯ ಇಳಿತ ೦.೮ ಮಾತ್ರ. ಅಳತೆಯ ಗುಣ ಎರಡು ಸುತ್ತುಗಳಲ್ಲಿ ತುಸು ಬೇರೆಯಾದರೂ ಇಷ್ಟು ವ್ಯತ್ಯಾಸ ಬರಬಹುದು. ಆದರೂ ಇದರಿಂದ ಮಕ್ಕಳ ಹಸಿವು ಸುಳ್ಳೆಂದು ಯಾರೂ ತಿಳಿಯಬಾರದು. ಮೂರರಲ್ಲಿ ಒಂದರಷ್ಟು ಮಕ್ಕಳು ಗೆರೆಯ ಕೆಳಗಿರುವ ದೊಡ್ಡ ಸಂಗತಿಯು ಇಂಥ ಚಿಕ್ಕ ತಪ್ಪುಗಳಿಂದ ಅಳಿಸಿಹೋಗುವಂಥದಲ್ಲ.

ತಿದ್ದಬೇಕಾದದ್ದೇನು?

ಅಕ್ಕೋರ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿಷ್ಟೆ: ಕೂಡಿಸಿ ಬರೆಯುವುದು ಬೇಡ, ಇನ್ನೊಮ್ಮೆ ಅಳೆದು ಬಂದದ್ದನ್ನೇ ಬರೆಯಿರಿ, ಪಕ್ಕದಲ್ಲಿ ‘ಈ ತಿಂಗಳಿನಿಂದ ನಿಲ್ಲಿಸಿ ಅಳೆದದ್ದು’ ಎಂದು ಒಂದು ಸಾಲು ಸೇರಿಸಿರಿ. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿಯೂ ಇಬ್ಬರು ಬೇರೆಬೇರೆಯಾಗಿ ಅಳೆಯುತ್ತಿದ್ದರು. ಎತ್ತರದಲ್ಲಿ ೭ ಮಿಲಿಮೀಟರಿಗಿಂತ ಹೆಚ್ಚು, ಅಥವಾ ತೂಕದಲ್ಲಿ ೧೦೦ ಗ್ರಾಮಿಗಿಂತ ಹೆಚ್ಚು ಭೇದ ಬಂದರೆ ಮತ್ತೆ ಅಳೆಯುತ್ತಿದ್ದರು. ಅಂಥ ನುರಿತವರಲ್ಲಿಯೇ ಭೇದ ಬರುವುದೆಂದು ಮೊದಲೇ ಒಪ್ಪಿಕೊಂಡಿದ್ದ ಮೇಲೆ, ಅಳುವ ಕೂಸನ್ನು ಒಂದು ಕೈಯಲ್ಲಿ ಹಿಡಿದು ಅಳೆಯುವ ನಮ್ಮ ಹೆಂಗಸರನ್ನು ಅರ್ಧ ಸೆಂಟಿಮೀಟರಿಗಾಗಿ ಬೈಯುವುದು ಯಾವ ನ್ಯಾಯ?

ಬೈದರೆ ಆಗುವುದೇನೆಂಬುದನ್ನೂ ಯೋಚಿಸಬೇಕು. ಮುಂದಿನ ತಿಂಗಳಿನಿಂದ ಯಾವ ಕೂಸೂ ಕುಗ್ಗುವುದಿಲ್ಲ. ಎಲ್ಲ ಕೂಸುಗಳೂ ತಿಂಗಳಿಗೊಂದು ಸೆಂಟಿಮೀಟರಿನಂತೆ ಅಚ್ಚುಕಟ್ಟಾಗಿ ಬೆಳೆಯುತ್ತವೆ. ಅಂಥ ಪುಸ್ತಕ ನೋಡಲು ಬಹಳ ಸುಂದರ. ಆದರೆ ಅದರೊಳಗೆ ನಿಜವಾಗಿ ಬೆಳವಣಿಗೆ ನಿಂತುಹೋದ ಕೂಸೊಂದಿದ್ದರೆ, ಅದೂ ಉಳಿದವುಗಳ ಸಾಲಿನಲ್ಲಿ ತಿಂಗಳಿಗೊಂದು ಸೆಂಟಿಮೀಟರು ಬೆಳೆಯುತ್ತಲೇ ಇರುತ್ತದೆ. ಅದನ್ನು ಹುಡುಕಿ ತೆಗೆಯಲು ಯಾವ ಸಂಖ್ಯಾಶಾಸ್ತ್ರಕ್ಕೂ ಸಾಧ್ಯವಿಲ್ಲ. ಒರಟೊರಟಾದ ನಿಜವಾದ ಅಳತೆಯಲ್ಲಿ ತಪ್ಪು ಎಲ್ಲಿದೆಯೆಂದು ವಿಚಾರಿಸಬಹುದು; ನಯಗೊಳಿಸಿದ ಸುಳ್ಳಿನಲ್ಲಿ ವಿಚಾರಿಸಲು ಏನೂ ಉಳಿದಿರುವುದಿಲ್ಲ.

ನಮ್ಮಲ್ಲಿ ಅನೇಕರು ಪದವಿಯ ನಂತರ ಶಿಕ್ಷಕರಾಗುತ್ತೇವೆ, ಗುಮಾಸ್ತರಾಗುತ್ತೇವೆ, ಜನಗಣತಿಗೋ ಸಮೀಕ್ಷೆಗೋ ಮನೆಮನೆ ತಿರುಗುತ್ತೇವೆ. ಕೆಲವರು ಮೇಲಿನವರೂ ಆದೇವು. ಆಗ ಕೈಕೆಳಗಿನವರು ತಂದ ಪುಸ್ತಕದಲ್ಲಿ ಒಂದು ವಿಸಂಗತಿ ಕಂಡರೆ, ಕೆಂಪು ಶಾಯಿಯಿಂದ ಸುತ್ತು ಹಾಕಿ ಸಿಟ್ಟಾಗುವ ಮೊದಲು ‘ಇದನ್ನು ಹೇಗೆ ಅಳೆದಿರಿ?’ ಎಂದು ಕೇಳುವಷ್ಟು ತಾಳ್ಮೆ ನಮಗಿರಲಿ.